ಹೂವೇರಿಸಿದ ಗಂಟೆ

ಗ್ರಾಫ್ ಚಂದವಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದರ ಚಂದಕ್ಕೆ ನಾನೂ ಮರುಳಾಗಿದ್ದೆ. "ಕರೆದರೂ ಸಿಸ್ಟರ್ ಬರಲಿಲ್ಲ" ಎಂದು ಬಾಣಂತಿಯರ ಕಡೆಯವರು ಕೊಡುತ್ತಿದ್ದ ದೂರುಗಳ ಗೆರೆ ಅದು. ಎಡಗಡೆ ಎತ್ತರದಲ್ಲಿ ಶುರುವಾಗಿ, ನಡುವೆ ಒಮ್ಮೆಲೇ ಇಳಿದು, ಆಮೇಲೆ ತಳಕ್ಕೆ ಅಂಟಿಕೊಂಡು ಮಲಗಿಬಿಟ್ಟಿತ್ತು. ಗೆರೆ ಇಳಿದ ಜಾಗದಲ್ಲಿ ಒಂದು ಪುಟ್ಟ ಚಿತ್ರ ಅಂಟಿಸಿದ್ದರು: ಹಿತ್ತಾಳೆಯ ಗಂಟೆ.

ನಾನು ಹೆರಿಗೆ ವೈದ್ಯೆ. ಈಗ ಕತ್ತರಿ ಹಿಡಿಯುವುದು ಕಡಿಮೆ. ಆಸ್ಪತ್ರೆಗಳು ತಮ್ಮ ಕೆಲಸವನ್ನು ತಾವೇ ಸುಧಾರಿಸಿಕೊಳ್ಳಲು ಹಾಕಿಕೊಳ್ಳುವ ಯೋಜನೆಗಳಿಗೆ ದಾರಿ ತೋರಿಸಿ, ಕೊನೆಗೆ ತೀರ್ಪು ಕೊಡುವ ತಂಡವೊಂದರಲ್ಲಿದ್ದೇನೆ. ತೊಂದರೆ ಏನಿತ್ತು, ಅದನ್ನು ಹೇಗೆ ಅಳೆದಿರಿ, ಏನು ಬದಲಿಸಿದಿರಿ, ಬದಲಾದದ್ದು ನಿಮ್ಮಿಂದಲೇ ಎಂದು ಹೇಗೆ ಗೊತ್ತು ಎಂದು ಕೇಳುವುದೇ ನಮ್ಮ ಕೆಲಸ. ಇದರಲ್ಲಿ ನನಗೆ ಜೋಡಿಯಾಗಿದ್ದವರು ಹುಬ್ಬಳ್ಳಿಯ ಒಬ್ಬ ನಿವೃತ್ತ ಇಂಜಿನಿಯರ್. ಒಳ್ಳೆಯ ಮನುಷ್ಯ. ಆದರೆ ಇಳಿಯುವ ಗೆರೆ ಕಂಡರೆ ಅವರಿಗೆ ಗದುಗಿನ ಮಿರ್ಚಿ ಕಂಡಷ್ಟೇ ಸಂತೋಷ. ಆಮೇಲೆ ಅವರನ್ನು ತಡೆಯುವುದು ಕಷ್ಟ.

ಯೋಜನೆ ಗದಗ-ಬೆಟಗೇರಿ ಕಡೆಯ ಒಂದು ಟ್ರಸ್ಟಿನ ಹೆರಿಗೆ ಆಸ್ಪತ್ರೆಯದು. ಹೆಸರು ಬರೆಯುವುದಿಲ್ಲ. ಅಲ್ಲಿನವರು ಇಂದಿಗೂ ನನ್ನ ಜೊತೆ ಮಾತಾಡುತ್ತಾರೆ, ಅದು ಹಾಗೇ ಇರಲಿ. ಹೆರಿಗೆಯಾದ ಮೊದಲ ಕೆಲವು ತಾಸು ತಾಯಿಗೆ ಅಪಾಯದ ಹೊತ್ತು. ಗರ್ಭಕೋಶ ಗಟ್ಟಿಯಾಗದೆ ಸಡಿಲಾದರೆ ರಕ್ತ ಸದ್ದಿಲ್ಲದೆ ಹೋಗುತ್ತದೆ. ಹೊದಿಕೆಯ ಕೆಳಗೆ ಹೋಗುವುದರಿಂದ ಯಾರಿಗೂ ಕಾಣುವುದಿಲ್ಲ, ಬಾಣಂತಿಗೆ ನಿದ್ದೆ ಬಂದಿದೆ ಅಂದುಕೊಳ್ಳುತ್ತಾರೆ. ಮೊದಲು ಕಾಣುವುದು ಪಕ್ಕದಲ್ಲಿ ಕೂತ ತಾಯಿಗೆ ಅಥವಾ ಅತ್ತೆಗೆ. ಅವರು ತಕ್ಷಣ ಕರೆಯಬೇಕು, ಕರೆದ ಕೂಡಲೇ ಸಿಸ್ಟರ್ ಬರಬೇಕು. ಆ ಆಸ್ಪತ್ರೆಯಲ್ಲಿ ಕರೆಂಟಿನ ಗುಂಡಿ ಹಾಕಿ ನೋಡಿದ್ದರು, ಕರೆಂಟ್ ಹೋದಾಗ ಅದೂ ಹೋಗುತ್ತಿತ್ತು. ಬ್ಯಾಟರಿಯದನ್ನು ತಂದರು, ಬ್ಯಾಟರಿ ಮುಗಿದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ವಾರ್ಡಿನ ಮುಖ್ಯ ಸಿಸ್ಟರ್ ಒಂದು ಉಪಾಯ ಮಾಡಿದರು. ನಡುವಿನ ತೊಲೆಗೆ ಹಿತ್ತಾಳೆಯ ಗಂಟೆ, ಅದರಿಂದ ಎಲ್ಲ ಮಂಚಗಳ ತಲೆಯ ಮೇಲೆ ಹಾಯುವ ಒಂದು ಹಗ್ಗ. ಯಾವ ಮಂಚದಿಂದ ಜಗ್ಗಿದರೂ ಬಾರಿಸುತ್ತದೆ.

ಗಂಟೆ ಕಟ್ಟಿದ ಮೇಲೆ ದೂರು ನಿಂತವು. ಗಂಟೆ ಬಾರಿಸಿದ್ದು ಒಂದೇ ಒಂದು ಸಲ, ಆಗಲೂ ಸಿಸ್ಟರ್ ಓಡಿಬಂದಿದ್ದರು. ನಮ್ಮ ರೌಂಡ್ಸ್ ಅಷ್ಟು ಚಲೋ ಆಗಿರುವುದರಿಂದ ಯಾರಿಗೂ ಗಂಟೆಯ ಗರಜೇ ಬೀಳುತ್ತಿಲ್ಲ ಎಂದು ವರದಿಯಲ್ಲಿ ಬರೆದಿದ್ದರು.

"ಇದನ್ನ ಎಲ್ಲಾ ಕಡೆ ಹಾಕಸಬೇಕ್ರಿ ಡಾಕ್ಟರ್," ಎಂದರು ಇಂಜಿನಿಯರ್. "ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಖರ್ಚಿಲ್ಲ, ಕರೆಂಟ್ ಬೇಕಿಲ್ಲ. ಇದರಕಿಂತ ಇನ್ನೇನು ಬೇಕು?"

ಆ ಮೂರೂ ಊರಿನ ಆಸ್ಪತ್ರೆಯವರು ಒಪ್ಪಿಯೂ ಆಗಿತ್ತು. ನಮ್ಮ ತೀರ್ಪು ಬಂದರೆ ವಾರದೊಳಗೆ ಅಲ್ಲೆಲ್ಲ ಗಂಟೆ ಏರುವುದಿತ್ತು. ಉಳಿದದ್ದು ನಾವು ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡುವುದು.

ಹೋದದ್ದು ಬೆಳಿಗ್ಗೆ. ವಾರ್ಡು ಸ್ವಚ್ಛವಾಗಿತ್ತು. ಬೆಟಗೇರಿಯ ಕಡೆಯಿಂದ ಮಗ್ಗದ ಸದ್ದು ಕಿಟಕಿಯಲ್ಲಿ ಬರುತ್ತಿತ್ತು. ನಡುವೆ ಗಂಟೆ ತೂಗುತ್ತಿತ್ತು. ಹೊಳೆಯುವಂತೆ ತಿಕ್ಕಿದ್ದರು, ಮೈಗೆ ಅರಿಷಿಣ ಕುಂಕುಮ ಹಚ್ಚಿದ್ದರು, ಮೇಲೆ ಆಗತಾನೆ ಏರಿಸಿದ ಸೇವಂತಿಗೆ ಇತ್ತು.

"ದಿನಾ ಏರಸ್ತೀವ್ರಿ," ಎಂದರು ಮುಖ್ಯ ಸಿಸ್ಟರ್. "ಕಟ್ಟಿದ ದಿನ ಅಯ್ನಾರನ್ನ ಕರಸಿ ಪೂಜಿ ಮಾಡಿಸಿ, ಕಾಯಿ ಒಡದೇ ಸುರು ಮಾಡೀವಿ. ಅವತ್ತಿಂದ ಒಂದ ದಿನಾನೂ ತಪ್ಪಿಸಿಲ್ಲ."

ಇದರಲ್ಲಿ ನನಗೆ ಏನೂ ವಿಶೇಷ ಕಾಣಲಿಲ್ಲ. ನಮ್ಮಲ್ಲಿ ಸ್ಕ್ಯಾನಿಂಗ್ ಯಂತ್ರಕ್ಕೂ ಕಾಯಿ ಒಡೆಯುತ್ತೇವೆ, ಆಂಬುಲೆನ್ಸ್ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ನಾನೇ ಇಟ್ಟಿದ್ದೇನೆ.

ಪರೀಕ್ಷೆಯ ಕ್ರಮ ಸರಳ. ಯಾರಿಗೂ ಹೇಳದೆ ಗಂಟೆ ಬಾರಿಸಿ, ಸಿಸ್ಟರ್ ಬರಲು ಎಷ್ಟು ಹೊತ್ತಾಗುತ್ತದೆ ನೋಡುವುದು. ಇಂಜಿನಿಯರ್ ಗಡಿಯಾರ ಹಿಡಿದು ನಿಂತರು. ಹಗ್ಗ ಜಗ್ಗುವ ಕೆಲಸ ನನ್ನದು. ನಾನು ಕೈ ಎತ್ತಿದೆ.

ಕೈ ಅಲ್ಲೇ ನಿಂತಿತು.

ಅದಕ್ಕೆ ಕಾರಣ ಹೇಳಬೇಕು. ಆ ವಾರ ಲಕ್ಷ್ಮೇಶ್ವರದಲ್ಲಿ ನನ್ನ ಮೈದುನನ ಸೊಸೆ ಹಡೆದಿದ್ದಳು. ನಮ್ಮದು ತಲೆತಲಾಂತರದಿಂದ ಅಲ್ಲಿ ಅರಳೆ, ಕಾಳುಕಡಿ ವ್ಯಾಪಾರ ಮಾಡಿಕೊಂಡು ಬಂದ ದೊಡ್ಡ ಮನೆತನ. ಮಗು ಹುಟ್ಟಿದರೆ ಇಡೀ ಮನೆತನಕ್ಕೆ ಪುರುಡು, ಹುಟ್ಟಿನ ಮೈಲಿಗೆ. ಅದು ಕಳೆಯುವವರೆಗೆ ದೇವರ ದೀಪ ಹಚ್ಚುವಂತಿಲ್ಲ, ದೇವರ ಪೆಟ್ಟಿಗೆ ಮುಟ್ಟುವಂತಿಲ್ಲ, ಗಂಟೆಯಂತೂ ಇಲ್ಲವೇ ಇಲ್ಲ. ನಾನು ಇದನ್ನೆಲ್ಲ ನಂಬುತ್ತೇನೆಯೇ? ಕೇಳಿದರೆ ನಗುತ್ತೇನೆ. ಆದರೆ ಮಗುವಿನ ಖಬರ ಬಂದ ದಿನದಿಂದ ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಕೈ ತಾನೇ ಬಿಟ್ಟಿತ್ತು. ಅದೇ ಕೈ ಈಗ ಹಗ್ಗದ ಹತ್ತಿರ ಹೋಗಿ ನಿಂತುಬಿಟ್ಟಿತ್ತು.

"ಏನಾತ್ರಿ?" ಎಂದರು ಇಂಜಿನಿಯರ್.

"ಭುಜ ಹಿಡಕೊಂಡೈತಿ. ನೀವ ಜಗ್ರಿ," ಎಂದೆ.

ಅವರು ಜಗ್ಗಿದರು. ಸದ್ದು ಬಹಳ ಇಂಪಾಗಿತ್ತು. ಸಿಸ್ಟರ್ ಒಬ್ಬಳು ಓಡಿಬಂದಳು. ಇಂಜಿನಿಯರ್ ಗಡಿಯಾರ ನೋಡಿ ತಲೆದೂಗಿ ಪೂರ್ಣ ಅಂಕ ಬರೆದುಕೊಂಡರು. ನಾನು ಮಾತ್ರ ಮಂಚಗಳ ಕಡೆ ನೋಡುತ್ತಿದ್ದೆ. ಹಗ್ಗದ ಕೆಳಗೆ ಮಲಗಿದವರೆಲ್ಲರೂ ಬಾಣಂತಿಯರು, ಪಕ್ಕದಲ್ಲಿ ಕೂತವರೆಲ್ಲರೂ ಅವರನ್ನು ಮುಟ್ಟಿದವರು. ಆ ವಾರ್ಡಿನಲ್ಲಿ ಮೈಲಿಗೆ ಇಲ್ಲದವರು ಸಿಸ್ಟರ್‌ಗಳು ಮತ್ತು ಇಂಜಿನಿಯರ್ ಮಾತ್ರ.

ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ ಕೂಸಿನ ತಲೆಗೆ ಕುಲಾಯಿ ಕಟ್ಟುತ್ತಿದ್ದಳು. ಹತ್ತಿರ ಕೂತು ಕೇಳಿದೆ.

"ಯವ್ವಾ, ಮಗಳಿಗೆ ಏನರ ಆದ್ರ ಈ ಗಂಟಿ ಬಾರಸ್ತಿಯೇನು?"

ಅಜ್ಜಿ ಕಿವಿ ಮುಟ್ಟಿಕೊಂಡಳು. "ದೇವರ ಗಂಟಿ ಐತೆಲ್ರಿ ಅದು! ಹಡದ ಮೈಲಿಗಿಯೊಳಗ ಹೆಂಗ ಮುಟ್ಟೂದು? ಹಗ್ಗಾ ಹಿಡದ್ರೂ ಗಂಟಿ ಮುಟ್ಟಿದಂಗ."

"ಮತ್ತ ಹೆಂಗ ಕರೀತಿ?"

"ಓಡಿ ಹೋಗತೇನ್ರಿ. ಆದ್ರ ಆಯಾ ಬೈತಾಳ. ಗಂಟಿ ಕಟ್ಟೀವಿ, ಯಾಕ ಓಡಿ ಬರ್ತೀರಿ ಅಂತ ತಿರುಗಿ ಕಳಸ್ತಾಳ."

ದೂರು ನಿಂತದ್ದು ಹೀಗೆ. ಓಡಿಬಂದವರನ್ನು ಗಂಟೆಯ ಕಡೆ ತಿರುಗಿಸುತ್ತಿದ್ದರು, ಗಂಟೆ ಮುಟ್ಟಲಾರದವರು ಅದರ ಕೆಳಗೆ ಸುಮ್ಮನೆ ಕೂರುತ್ತಿದ್ದರು. ಆ ಸುಮ್ಮನಿರುವಿಕೆಯನ್ನೇ ನಾವು ಗೆರೆ ಎಳೆದು ಚಂದ ಎನ್ನುತ್ತಿದ್ದೆವು.

ಮುಖ್ಯ ಸಿಸ್ಟರನ್ನು ಪಕ್ಕಕ್ಕೆ ಕರೆದೆ. "ಒಂದ ಸಲ ಬಾರಿಸಿದ್ರಂತಲ್ಲ, ಅದು ಯಾರು?"

ಅವರ ಮುಖ ಬಾಡಿತು. ಕುರ್ತಕೋಟಿಯ ಹುಡುಗಿ, ಚೊಚ್ಚಲ ಹೆರಿಗೆ ಎಂದರು. ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತು, ಸಿಸ್ಟರ್‌ಗಳೆಲ್ಲ ಒಳಗಿನ ಕೋಣೆಯಲ್ಲಿ ಒಬ್ಬರಿಗೊಬ್ಬರು ಕೆಲಸ ಒಪ್ಪಿಸುತ್ತಿದ್ದರು. ಗಂಟೆ ಕೇಳಿ ಓಡಿಬಂದಾಗ ಗಾದಿ ತೊಯ್ದುಹೋಗಿತ್ತು. ಹೊಟ್ಟೆ ತಿಕ್ಕಿ ಗರ್ಭಕೋಶ ಗಟ್ಟಿ ಮಾಡಲು ನೋಡಿದರು, ಇಂಜೆಕ್ಷನ್ ಕೊಟ್ಟರು, ಸಲೈನ್ ಹಚ್ಚಿದರು, ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎಲ್ಲ ಸರಿಯಾಗಿಯೇ ಮಾಡಿದ್ದರು. ಹುಡುಗಿ ದಾರಿಯಲ್ಲೇ ತೀರಿಕೊಂಡಳು.

ವರದಿಯಲ್ಲಿ ಸಾವು ಇರಲಿಲ್ಲ. ಸುಳ್ಳು ಬರೆದಿರಲಿಲ್ಲ, ಸಾವು ಅವರ ಗೇಟಿನ ಹೊರಗೆ ಆಗಿತ್ತು ಅಷ್ಟೇ. ಅಳತೆ ಗಂಟೆ ಬಾರಿಸಿದ ಕ್ಷಣದಿಂದ ಶುರುವಾಗಿ ಸಿಸ್ಟರ್ ಬಂದ ಕ್ಷಣಕ್ಕೆ ಮುಗಿಯುತ್ತಿತ್ತು. ರಕ್ತ ಶುರುವಾದದ್ದು ಯಾವಾಗ, ಆ ತಾಯಿ ಅಷ್ಟು ಹೊತ್ತು ಏನು ಮಾಡಿದಳು ಎಂದು ಯಾರೂ ಕೇಳಿರಲಿಲ್ಲ. ಕೇಳಿ ಬರುವುದು ನಮ್ಮ ಕೆಲಸವಾಗಿತ್ತು.

ಮರುದಿನ ಮುಖ್ಯ ಸಿಸ್ಟರನ್ನು ಕೂರಿಸಿಕೊಂಡು ಕುರ್ತಕೋಟಿಗೆ ಹೋದೆ. ಇಂಜಿನಿಯರ್ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸುವುದು ನಮ್ಮ ನಿಯಮದಲ್ಲಿಲ್ಲ ಎಂದು ಬೇಸರಪಟ್ಟುಕೊಂಡರು. ಎರೆ ಹೊಲಗಳಲ್ಲಿ ಕಡಲೆ ಹೂವಾಡುತ್ತಿತ್ತು.

ಹುಡುಗಿಯ ತಾಯಿ ಹೊಲದ ಕೂಲಿಗೆ ಹೋಗುವವಳು. ಪಡಸಾಲೆಯಲ್ಲಿ ಕೂತಿದ್ದಳು. ತೊಲೆಗೆ ತೊಟ್ಟಿಲು ಕಟ್ಟಿತ್ತು, ಒಳಗೆ ಹುಡುಗಿ ಬಿಟ್ಟುಹೋದ ಕೂಸು. ತೊಟ್ಟಿಲಿನ ಹಗ್ಗವನ್ನು ಅವಳು ಎಡಗಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ತೂಗುತ್ತಿದ್ದಳು. ಬಲಗೈ ಸೆರಗಿನೊಳಗೆ ಮುಚ್ಚಿಕೊಂಡಿತ್ತು. ಪೆಟ್ಟಾಗಿದೆಯೇನೋ ಅಂದುಕೊಂಡೆ. ಕೂಸು ಅತ್ತಿತು. ಅವಳು ಏಳಲಿಲ್ಲ, ಒಳಗೆ ಸೊಸೆಯನ್ನು ಕೂಗಿದಳು. ಸೊಸೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಕೂಸನ್ನೆತ್ತಿಕೊಂಡಳು.

"ಅತ್ತಿ ಎತ್ತಿಕೊಳ್ಳೂದಿಲ್ರಿ," ಎಂದಳು ಸೊಸೆ. "ಮಗಳು ಹೋದಾಗಿಂದ ಕೂಸಿನ್ನ ಮುಟ್ಟಿಲ್ಲ."

ನಾನು ತಾಯಿಯ ಎದುರು ನೆಲದ ಮೇಲೆ ಕೂತೆ. ಆ ದಿನ ಏನಾಯಿತು ಎಂದು ಕೇಳಿದೆ. ಅವಳು ನನ್ನನ್ನು ನೋಡದೆ ಹೇಳಿದಳು.

"ಮಗಳು ಉಟ್ಟ ಅರಿವಿ ತೊಯ್ದಿದ್ದು ಕಂಡ್ತು. ಓಡಿ ಹೋದ್ನಿ. ಆಯಾ, ಗಂಟಿ ಬಾರಸ್ ಹೋಗು ಅಂದ್ಲು. ತಿರುಗಿ ಬಂದ್ನಿ. ಗಂಟಿ ಮುಂದ ನಿಂತ್ನಿ. ಹೂವ ಏರಿಸಿದ್ರು. ನನ್ನ ಕೈ ತುಂಬ ಹಡದ ರಗತ. ಹೆಂಗ ಮುಟ್ಟಲಿ? ಮತ್ತ ಓಡಿದ್ನಿ, ಆಯಾ ಇರಲಿಲ್ಲ, ಕ್ವಾಣಿ ಬಾಗಲಾ ಹಾಕಿತ್ತು. ಬಂದು ನೋಡ್ತೇನಿ, ಮಗಳು ಬೆಳ್ಳಗ ಆಗ್ಯಾಳ. ಬಾಜೂ ಮಂಚದಾಕಿ ಮುಟ್ಟಬ್ಯಾಡಬೇ, ಮುಟ್ಟಬ್ಯಾಡ ಅನ್ನಾಕತ್ತಿದ್ಲು. ಆದ್ರೂ ಜಗ್ಗಿದ್ನಿ." ಸೆರಗಿನೊಳಗಿನ ಕೈ ಅಲುಗಿತು. "ಈ ಕೈಲೆ ಜಗ್ಗಿದ್ನಿರಿ. ದೇವರು ತಡಕೊಳ್ಳಲಿಲ್ಲ. ಒಂದ ತಾಸಿನೊಳಗ ಒಯ್ದುಬಿಟ್ಟ."

ಗಂಟೆ ಬಾರಿಸಿದ್ದಕ್ಕೇ ಮಗಳು ಸತ್ತಳೆಂದು ಅವಳು ನಂಬಿದ್ದಳು. ಅದೇ ಕೈ ತಾಗಿದರೆ ಕೂಸೂ ಹೋಗುತ್ತದೆಂದು ಅದನ್ನು ಅಡಗಿಸಿಟ್ಟುಕೊಂಡಿದ್ದಳು.

"ಹಂಗಲ್ಲಬೇ," ಎಂದರು ಸಿಸ್ಟರ್, ಅಳುತ್ತಿದ್ದರು. "ನೀ ಮೊದಲ ಬಾರಿಸಿದ್ರ..."

ನಾನು ಸಿಸ್ಟರ್ ಕೈಯನ್ನು ಗಟ್ಟಿಯಾಗಿ ಒತ್ತಿಹಿಡಿದೆ. ಅವರು ನಿಲ್ಲಿಸಿದರು.

ಯಾಕೆ ತಡೆದೆ? ಆ ವಾಕ್ಯ ಪೂರ್ತಿಯಾಗಿದ್ದರೆ ಆ ತಾಯಿಯ ತಲೆಯ ಮೇಲಿನ ಒಂದು ಕಲ್ಲು ಇಳಿಯುತ್ತಿತ್ತು, ಅದಕ್ಕಿಂತ ಭಾರದ್ದು ಏರುತ್ತಿತ್ತು. ಬಾರಿಸಿದ್ದಕ್ಕೆ ಸಾಯಲಿಲ್ಲ ಎಂದರೆ, ಬಾರಿಸದೆ ಕಳೆದ ಹೊತ್ತಿಗೆ ಸತ್ತಳು ಎಂದೇ ಅರ್ಥ. ವೈದ್ಯಳಾಗಿ ನನಗೆ ಅದು ಗೊತ್ತಿತ್ತು. ಹೇಳುವ ಧೈರ್ಯ ಇರಲಿಲ್ಲ.

"ನಿನ್ನ ಕೈಯಿಂದ ಏನೂ ಆಗಿಲ್ಲಬೇ," ಎಂದೆ. "ಮೈಲಿಗಿಯವರು ಇರೂ ಜಾಗಾದಾಗ ದೇವರ ಗಂಟಿ ಕಟ್ಟಿದ್ದು ನಮ್ಮ ತಪ್ಪು."

ಅವಳು ನನ್ನ ಮಾತನ್ನು ನಂಬಲಿಲ್ಲ. ದೊಡ್ಡವರು ಸಮಾಧಾನಕ್ಕೆ ಏನೋ ಹೇಳುತ್ತಾರೆ ಎಂಬಂತೆ ತಲೆಯಾಡಿಸಿ, ಕಾಲಿನಿಂದ ಖಾಲಿ ತೊಟ್ಟಿಲನ್ನು ತೂಗುತ್ತಲೇ ಇದ್ದಳು.

ಗದಗದಲ್ಲಿ ತೀರ್ಪಿನ ಸಭೆ ನಡೆಯಿತು. ನಾನು ಕಂಡದ್ದನ್ನು ಹೇಳಿದೆ. ನನ್ನ ಕೈ ನಿಂತದ್ದನ್ನೂ ಹೇಳಿದೆ. ಇಂಜಿನಿಯರ್ ಅಂಕದ ಹಾಳೆಯಿಂದ ತಲೆಯೆತ್ತಿದರು.

"ಹಂಗಾದ್ರ ಭುಜ ಹಿಡಕೊಂಡಿದ್ದಿಲ್ಲ," ಎಂದರು.

"ಇಲ್ರಿ."

ಅವರು ತಾವು ಬರೆದ ಅಂಕಗಳನ್ನು ತಾವೇ ಹೊಡೆದು ಹಾಕಿದರು. ಅದಕ್ಕೆ ಅವರ ಬಗ್ಗೆ ನನಗೆ ಗೌರವವಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆ ಗಂಟೆ ಬೇಡವೆಂದು ಅಂದೇ ತಿಳಿಸಿದೆವು.

ಆದರೆ ಏರಿದ ಗಂಟೆಯನ್ನು ಇಳಿಸುವುದು ಸುಲಭವಿರಲಿಲ್ಲ. ಮೊದಲು ಸಣ್ಣ ಬದಲಾವಣೆ ಮಾಡಿ ನೋಡೋಣ ಎಂದರು ಇಂಜಿನಿಯರ್, ಅದು ನಮ್ಮ ಪದ್ಧತಿ. ಕುಂಕುಮ ತೊಳೆಸಿ, ಹೂವು ಏರಿಸಬಾರದೆಂದು ಹೇಳಿದೆವು. ಮರುದಿನ ಹೋಗಿ ನೋಡಿದರೆ ಮತ್ತೆ ಹೂವು. ಯಾರು ಏರಿಸಿದರೆಂದು ಯಾರೂ ಬಾಯಿ ಬಿಡಲಿಲ್ಲ. ಬಿಚ್ಚಿಬಿಡಿ ಎಂದರೆ ಆಯಾ ಹಿಂದೆ ಸರಿದಳು, ಕರೆಂಟಿನವನು ಏಣಿ ತರುತ್ತೇನೆಂದು ಹೋದವನು ಬರಲೇ ಇಲ್ಲ. ಟ್ರಸ್ಟಿನ ಹಿರಿಯರೊಬ್ಬರು ಬಂದು ಕೈಮುಗಿದು ನಿಂತರು.

"ಪೂಜಿ ಆದ ಗಂಟಿ ಇಳಿಸಿದ್ರ ದವಾಖಾನಿಗೆ ಚಲೋ ಆಗೂದಿಲ್ರಿ. ಇಳಿಸಿದವರಿಗೂ ಚಲೋ ಆಗೂದಿಲ್ಲ."

ಹಾಗೆಂದಾಗ ನನಗೆ ಭಯವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಲಕ್ಷ್ಮೇಶ್ವರದ ತೊಟ್ಟಿಲಲ್ಲಿದ್ದ ನಮ್ಮ ಕೂಸು ಕಣ್ಣ ಮುಂದೆ ಬಂತು. ಪುರುಡು ಇನ್ನೂ ಕಳೆದಿರಲಿಲ್ಲ. ಕೆಲವು ದಿನ ತಡೆದು ಶುದ್ಧವಾಗಿ ಬಂದು ಇಳಿಸಬಹುದಿತ್ತು. ಅಷ್ಟರಲ್ಲಿ ಆ ಮಂಚಗಳಲ್ಲಿ ಯಾರು ಯಾರು ಮಲಗುತ್ತಾರೋ ಎಂದು ಯೋಚಿಸಿದೆ. ಕುರ್ತಕೋಟಿಯವಳ ಸೆರಗಿನೊಳಗಿನ ಕೈ ನೆನಪಾಯಿತು. ಸ್ಟೂಲ್ ಎಳೆದು ಹತ್ತಿದೆ. ಬಲಗೈ ಚಾಚಿ ಗಂಟೆ ಹಿಡಿದೆ. ಹಿತ್ತಾಳೆ ತಣ್ಣಗಿತ್ತು. ಕೊಂಡಿ ಬಿಚ್ಚುವಾಗ ಅದು ಒಮ್ಮೆ ಸದ್ದು ಮಾಡಿತು. ಹೂವು ನನ್ನ ತಲೆಯ ಮೇಲಿಂದ ಉರುಳಿ ಕೆಳಗೆ ಬಿತ್ತು. ಗಂಟೆಯನ್ನು ಹಿರಿಯರ ಕೈಗೆ ಕೊಟ್ಟು, ಗುಡಿಗೆ ಕೊಟ್ಟುಬಿಡಿ ಎಂದೆ.

ಅಂದು ಮನೆಗೆ ಹೋದವಳೇ ಲಕ್ಷ್ಮೇಶ್ವರಕ್ಕೆ ಫೋನ್ ಮಾಡಿ ಕೂಸು ಹೇಗಿದೆ ಎಂದು ಕೇಳಿದೆ. ಮರುದಿನವೂ ಕೇಳಿದೆ. ಎಷ್ಟು ಸಲ ಕೇಳಿದೆನೆಂದರೆ, ಏನಾಗೈತ್ರಿ ನಿಮಗ ಎಂದು ನನ್ನ ಓರಗಿತ್ತಿ ಬೈದಳು. ಗಂಟೆಯ ಸದ್ದು ಕಿವಿಯಲ್ಲೇ ಇರುತ್ತಿತ್ತು. ಓಣಿಯ ಗುಡಿಯಲ್ಲಿ ಮಂಗಳಾರತಿಯಾದರೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಮತ್ತೆ ಫೋನ್ ತೆಗೆದುಕೊಳ್ಳುತ್ತಿದ್ದೆ.

ಗಂಟೆಯ ಜಾಗಕ್ಕೆ ಏನು ಎಂಬ ಪ್ರಶ್ನೆ ಉಳಿದಿತ್ತು. ಈ ಸಲ ನಾವು ಬಾಣಂತಿಯರನ್ನೂ ಅವರ ತಾಯಂದಿರನ್ನೂ ಕೂರಿಸಿಕೊಂಡು ಕೇಳಿದೆವು. ಮಾತಿನ ನಡುವೆ ಒಬ್ಬಳು, ಕೂಸು ಹುಟ್ಟಿದಾಗ ತಾಟು ಬಡೀತೀವಲ್ರಿ ಎಂದಳು. ನಮ್ಮ ಕಡೆಯ ಮನೆಗಳಲ್ಲಿ ಹೆರಿಗೆಯಾದ ಕೂಡಲೇ ಊಟದ ತಾಟು ಬಡಿಯುತ್ತಾರೆ, ಮುಂದೆ ಕೂಸು ಸದ್ದಿಗೆ ಬೆಚ್ಚದಿರಲಿ ಎಂದು. ಅದಕ್ಕೆ ಮೈಲಿಗೆ ಇಲ್ಲ, ಅದು ಬಾಣಂತಿ ಕೋಣೆಯದೇ ಸದ್ದು. ಪ್ರತಿ ಮಂಚಕ್ಕೆ ಒಂದು ಸ್ಟೀಲಿನ ತಾಟು, ಒಂದು ಸೌಟು ಕಟ್ಟಿಸಿದೆವು. ಪೂಜೆ ಮಾಡಲಿಲ್ಲ. ಅಳತೆಯನ್ನೂ ಬದಲಿಸಿದೆವು. ಬಟ್ಟೆ ತೊಯ್ದದ್ದು ಕಂಡ ಹೊತ್ತಿನಿಂದ ಲೆಕ್ಕ ಶುರು. ಪಾಳಿ ಬದಲಾಗುವಾಗ ಒಬ್ಬ ಸಿಸ್ಟರ್ ವಾರ್ಡಿನಲ್ಲೇ ನಿಲ್ಲಬೇಕು, ಓಡಿಬಂದವರನ್ನು ಯಾರೂ ತಿರುಗಿ ಕಳಿಸಬಾರದು. ಹಗಲೆಲ್ಲ ತಾಟಿನ ಗದ್ದಲ. ಕರೆಗಳ ಗೆರೆ ಮೇಲೇರಿತು. ಏರಿದ ಗೆರೆಗೆ ಇಂಜಿನಿಯರ್ ಸಂತೋಷಪಟ್ಟದ್ದು ನಾನು ಕಂಡಂತೆ ಅದೇ ಮೊದಲು.

ಕೆಲವು ವಾರಗಳಾದ ಮೇಲೆ ಆ ವಾರ್ಡಿಗೆ ಮತ್ತೆ ಹೋಗಿದ್ದೆ. ಬಾಗಿಲಲ್ಲಿ ಕುರ್ತಕೋಟಿಯ ತಾಯಿ ನಿಂತಿದ್ದಳು. ಕೂಸಿಗೆ ಚುಚ್ಚುಮದ್ದು ಹಾಕಿಸಲು ಬಂದಿದ್ದಳು. ಸೊಸೆಗೆ ಜ್ವರ, ಬೇರೆ ದಾರಿ ಇರಲಿಲ್ಲ. ಕೂಸನ್ನು ಜೋಳಿಗೆಯಲ್ಲಿ ಕಟ್ಟಿ ಎಡಭುಜಕ್ಕೆ ಹಾಕಿಕೊಂಡಿದ್ದಳು. ಬಲಗೈ ಸೆರಗಿನೊಳಗೇ ಇತ್ತು. ಅವಳು ಖಾಲಿ ತೊಲೆಯನ್ನು ನೋಡುತ್ತಿದ್ದಳು.

"ಗಂಟಿ ಎಲ್ಲೈತ್ರಿ?"

"ಇಳಿಸೀವಿ."

"ಯಾರು ಇಳಿಸಿದ್ರು?"

"ನಾನ. ನಮ್ಮ ಮನಿಯಾಗ ಕೂಸು ಹುಟ್ಟಿ ಪುರುಡು ಇತ್ತು. ಪುರುಡಿನಾಗ ಇಳಿಸೀನಿ."

ಅವಳು ತಿರುಗಿ ನನ್ನನ್ನು ನೋಡಿದಳು. ಸೆರಗಿನಿಂದ ಬಲಗೈ ಹೊರಗೆ ಬಂತು. ನನ್ನ ಬಲಗೈಯನ್ನು ಹಿಡಿದುಕೊಂಡು, ಮೇಲೆ ಕೆಳಗೆ ತಿರುಗಿಸಿ, ಬೆರಳು ಬೆರಳನ್ನೂ ನೋಡಿದಳು.

"ನಿಮ್ಮ ಮನಿ ಕೂಸು ಹೆಂಗೈತ್ರಿ?" ಎಂದಳು.

"ಚಲೋ ಐತಿ. ನಗತೈತಿ."

ಅವಳು ನನ್ನ ಕೈ ಬಿಟ್ಟಳು. ಜೋಳಿಗೆಯ ಗಂಟು ಸಡಿಲಿಸಿದಳು. ಎರಡೂ ಕೈ ಒಳಗೆ ಹಾಕಿ ಕೂಸನ್ನು ಎತ್ತಿ, ಬಲತೋಳಿನ ಮೇಲೆ ಮಲಗಿಸಿಕೊಂಡು, ಅದರ ನೆತ್ತಿಯ ಮೇಲೆ ಕೈ ಆಡಿಸಿದಳು. ನನಗೆ ಕಣ್ಣು ತುಂಬಿ ಬಂತು. ಆದರೆ ಅವಳ ಕೈ ನಡುವೆಯೇ ನಿಂತಿತು. ಮುಖದ ಮೇಲೆ ಬೇರೇನೋ ಬರುತ್ತಿರುವುದನ್ನು ನಾನು ನೋಡಿದೆ. ಅದು ಬರುತ್ತದೆಂದು ನನಗೆ ಮೊದಲೇ ಗೊತ್ತಿತ್ತು.

"ಹಂಗಾದ್ರ," ಎಂದಳು ನಿಧಾನಕ್ಕೆ, "ನಾ ಜಲ್ದಿ ಬಾರಿಸಬೇಕಿತ್ತಲ್ರಿ."

ಸಭೆಗಳಲ್ಲಿ ಹೇಳುವ ಮಾತುಗಳು ನನ್ನ ಬಳಿ ಎಷ್ಟೋ ಇವೆ. ತಪ್ಪು ವ್ಯವಸ್ಥೆಯದು, ಮನುಷ್ಯರದ್ದಲ್ಲ ಎಂದು ಎಷ್ಟು ಕಡೆ ಪಾಠ ಮಾಡಿಲ್ಲ. ಅವಳು ಕಾಯುತ್ತಿದ್ದಳು.

ಅಷ್ಟರಲ್ಲಿ ಒಳಗೆ, ಕಿಟಕಿಯ ಕಡೆಯ ಮಂಚದಿಂದ, ತಾಟಿನ ಬಡಿತ ಶುರುವಾಯಿತು.

ಅವಳು ನನಗಿಂತ ಮೊದಲು ಅತ್ತ ತಿರುಗಿದಳು. ಕೂಸನ್ನು ಎದೆಗೆ ಒತ್ತಿಕೊಂಡು, ನನ್ನ ಬೆನ್ನಿಗೆ ಬಲಗೈ ಹಚ್ಚಿ ನೂಕಿದಳು.

"ಯಾರೋ ಕರ್ಯಾಕತ್ತಾರ್ರಿ," ಎಂದಳು. "ನಿಂತೀರೇನು? ಜಲ್ದಿ ಹೋಗ್ರಿ."